ಕೆಂಪು ಬಾಳೆಯ ಉಡಿ

ಕೆಂಪು ಬಾಳೆಹಣ್ಣು ಕಂಡರೆ ನನಗೆ ಈಗ ಹೇಸಿಗೆ ಬರುತ್ತದೆ. ಹಣ್ಣಿನ ತಪ್ಪೇನಿಲ್ಲ. ರುಚಿ ಛಲೋ ಇರುತ್ತದೆ, ತಿರುಳು ಗಟ್ಟಿ, ಒಳಗೆ ತುಸು ಕೇಸರಿ ಬಣ್ಣ. ಬೈಲಹೊಂಗಲದ ಎರೆಮಣ್ಣಿನಲ್ಲಿ ಅದನ್ನು ಬೆಳೆದು ತೋರಿಸಿದವಳು ನಾನೇ, ನಮ್ಮ ಓಣಿಯಲ್ಲಿ ನನಗಿಂತ ಮೊದಲು ಯಾರೂ ಬೆಳೆದಿರಲಿಲ್ಲ. ಅದರ ಸುತ್ತ ನಡೆದದ್ದನ್ನು ನೆನೆಸಿಕೊಂಡರೆ ಮಾತ್ರ ಗಂಟಲಿಗೆ ಹುಳಿನೀರು ಬರುತ್ತದೆ. ಯಾರ್ಯಾರ ಮೇಲೆ ಹೇಸಿಗೆ ಅನ್ನುವುದನ್ನು ಮುಚ್ಚಿಡದೆ ಬರೆಯುತ್ತೇನೆ. ಆ ಪೈಕಿ ನಾನೂ ಒಬ್ಬಳು.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಸಂಪಗಾಂವದ ನಮ್ಮ ಮನೆಯಲ್ಲಿ ನನಗಿಂತ ಮೊದಲು ಡಿಗ್ರಿ ಮಾಡಿದವರು ಯಾರೂ ಇಲ್ಲ, ಗಂಡಸರನ್ನೂ ಹಿಡಿದು. ಬಿ.ಎಸ್ಸಿ. ಎರಡನೇ ವರ್ಷ ಒಂದು ವಿಷಯ ಹೋಯಿತು, ಮತ್ತೆ ಕಟ್ಟಿ ಪಾಸಾದೆ. ಬೆಳಗಿನ ಬಸ್ಸಿನಲ್ಲಿ ನಿಂತುಕೊಂಡೇ ಬಂದು, ಶೇಂಗಾ ಕೀಳುವ ದಿನಗಳಲ್ಲಿ ಉಗುರಿನೊಳಗೆ ಮಣ್ಣು ಇಟ್ಟುಕೊಂಡೇ ಪ್ರಾಕ್ಟಿಕಲ್ ಮಾಡಿದವಳು. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಬಾಗಿಲಿಗೆ ಹಾಕಿಸಿದ ಫಲಕದಲ್ಲಿ ನನ್ನ ಹೆಸರಿಗಿಂತ ಡಿಗ್ರಿಯ ಅಕ್ಷರವೇ ದೊಡ್ಡದಾಗಿದೆ ಅಂತ ನನ್ನ ಗಂಡ ನಗುತ್ತಾರೆ. ನಗಲಿ.

ಮನೆ ಕಟ್ಟಿಸಿದ ಮೇಲೆ ಹಿಂದೆ ಒಂದಿಷ್ಟು ಹಿತ್ತಲ ಉಳಿಯಿತು. ನಮ್ಮ ಕಡೆ ಮನೆಗೊಂದು ಬಾಳೆ ಇದ್ದೇ ಇರುತ್ತದೆ, ಬಚ್ಚಲ ನೀರು ಹೋಗುವ ಕಡೆ. ಸಾಬೂನಿನ ನೊರೆ, ಮುಸುರೆ, ಉದುರಿದ ಕೂದಲು ಎಲ್ಲವನ್ನೂ ಕುಡಿದು ಅದು ಬೆಳೆಯುತ್ತದೆ. ಹಬ್ಬಕ್ಕೆ ಎಲೆ ಕೊಡುತ್ತದೆ, ದೀಪಾವಳಿಯ ಅಂಗಡಿ ಪೂಜೆಗೆ ಕಂಬ ಕೊಡುತ್ತದೆ. ಯಾರೂ ಅದನ್ನು ಬೆಳೆಸಿರುವುದಿಲ್ಲ, ತಾನೇ ಬೆಳೆದಿರುತ್ತದೆ. ನನಗೆ ಆ ಪದ್ಧತಿ ಸೇರಲಿಲ್ಲ. ಬಚ್ಚಲಿನಿಂದ ದೂರ ಗುಂಡಿ ತೋಡಿಸಿದೆ. ಎರೆಮಣ್ಣು ಒಮ್ಮೆ ನೀರು ಹಿಡಿದರೆ ಬಿಡುವುದಿಲ್ಲ, ಬಾಳೆಯ ಗಡ್ಡೆ ಕೊಳೆಯುತ್ತದೆ. ಅದಕ್ಕೆ ಉಸುಕು, ಬೂದಿ, ತಿಪ್ಪೆಗೊಬ್ಬರ ಕಲಸಿದೆ. ಸಹಸ್ರ ಬಾಳೆ ಹಾಕಿದೆ, ಅದರ ಗೊನೆ ನೆಲ ಮುಟ್ಟುವ ತನಕ ಇಳಿಯುತ್ತದೆ, ಕಾಯಿ ಮಾತ್ರ ಕಿರುಬೆರಳಿನಷ್ಟು. ಬೂದು ಬಾಳೆ ಹಾಕಿದೆ, ಕಾಯಿಗೆ ಯಾರೋ ವಿಭೂತಿ ಬಳಿದಂತೆ ಕಾಣುತ್ತದೆ. ರಸಬಾಳೆ ಎರಡು ಸಲ ಸತ್ತು ಮೂರನೇ ಸಲ ಹಿಡಿಯಿತು. ಕೆಂಪು ಬಾಳೆಯ ಮರಿಯನ್ನು ಧಾರವಾಡದಿಂದ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಂದೆ. ಅದನ್ನು ಹಳೆಯ ಸೀರೆಯಲ್ಲಿ ಸುತ್ತಿದ್ದೆ.

"ಅಕ್ಕಾರ, ಕೂಸಿಗೆ ಎಷ್ಟ ವರ್ಷ್ರಿ? ಅರ್ಧಾ ಟಿಕೀಟ ಬೀಳತೈತಿ," ಅಂದ ಕಂಡಕ್ಟರ್. ಬಸ್ಸೆಲ್ಲ ನಕ್ಕಿತು. ನಾನೂ ನಕ್ಕೆ.

ಮೊದಲ ಗೊನೆ ಶ್ರಾವಣಕ್ಕೆ ಹಣ್ಣಾಯಿತು. ಸಾಲೆಗೆ ಒಂದು ಚಿಪ್ಪು ಒಯ್ದು ಎಲ್ಲ ಶಿಕ್ಷಕರಿಗೂ ಹಂಚಿದೆ. ಓಣಿಯವರು ಬಂದು ನೋಡಿ ಹೋದರು. ಅದೇ ಹೊತ್ತಿಗೆ ತಂಗಿ ಪಂಚಮಿಗೆಂದು ತವರಿಗೆ ಬಂದಿದ್ದಳು.

ಅವಳು ನನಗಿಂತ ಮೂರು ವರ್ಷಕ್ಕೆ ಚಿಕ್ಕವಳು. ಅವಳನ್ನು ರಾಮದುರ್ಗ ತಾಲೂಕಿನ ಸಾಲಹಳ್ಳಿಗೆ ಕೊಟ್ಟಿದೆ. ಇಬ್ಬರು ಹೆಣ್ಣುಮಕ್ಕಳನ್ನೂ ಕಾಲೇಜಿಗೆ ಕಳಿಸುವ ತಾಕತ್ತು ಆಗ ನಮ್ಮ ಮನೆಗೆ ಇರಲಿಲ್ಲ. ನಾನು ಹಿರಿಯಳು, ನನ್ನ ಪಾಳಿ ಮೊದಲು ಬಂತು. ಅವಳ ಪಾಳಿ ಬರುವ ಹೊತ್ತಿಗೆ ವರ ಬಂದ. ಲೆಕ್ಕದಲ್ಲಿ ಅವಳು ನನಗಿಂತ ಚುರುಕಿದ್ದಳು, ಇದನ್ನು ನಮ್ಮ ಮನೆಯಲ್ಲಿ ಯಾರೂ ಎತ್ತುವುದಿಲ್ಲ. ಅವಳಿಗೆ ಎರಡು ಹೆಣ್ಣುಮಕ್ಕಳು. ಎರಡೂ ಹೊಟ್ಟೆ ಕೊಯ್ದು ತೆಗೆದವು. ಎರಡನೇ ಸಲ ರಕ್ತ ನಿಲ್ಲದೆ, ನಾನು ದವಾಖಾನೆಯ ಬಾಗಿಲಲ್ಲಿ ನಿಂತು ಬಾಟಲಿಯ ಮೇಲೆ ಬಾಟಲಿ ಒಳಗೆ ಹೋಗುವುದನ್ನು ನೋಡಿದ್ದೆ. ಡಾಕ್ಟರಮ್ಮ ಹೊರಗೆ ಬಂದು, "ಗರ್ಭಚೀಲ ಹೊಲಿಗೆ ಹಾಕಿದ ಕಡೆ ತೆಳ್ಳಗ ಆಗೇತಿ. ಇನ್ನೊಂದು ಬಸರು ಆದರ ಈಕಿ ಉಳಿಯೂ ಭರವಸಾ ನಾ ಕೊಡೂದಿಲ್ಲ. ಮುಂದ ಮಕ್ಕಳಾಗಧಂಗ ಈಗ ಆಪರೇಷನ್ ಮಾಡಿಬಿಡೂಣು," ಅಂದರು. ಅತ್ತೆ ಬೇಡ ಅಂದಳು. ತಂಗಿಯ ಗಂಡ ತನ್ನ ಅವ್ವನ ಮುಖ ನೋಡಿದ, ಸಹಿ ಹಾಕಲಿಲ್ಲ.

ಪಂಚಮಿ ಮುಗಿಸಿ ತಂಗಿ ತಿರುಗಿ ಹೋಗುವ ದಿನ ನಮ್ಮ ಮನೆಗೆ ಬಂದಳು. ಹೊರಟ ಹೆಣ್ಣುಮಗಳಿಗೆ ಉಡಿ ತುಂಬದೆ ಕಳಿಸುವುದಿಲ್ಲ. ಸೆರಗೊಡ್ಡಿದರೆ ಅದರಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣದ ಬೇರು, ಕುಪ್ಪಸದ ಖಣ, ಐದು ಹಣ್ಣು ಹಾಕಬೇಕು. ಎಲ್ಲರೂ ಪೇಟೆಯ ಬಾಳೆಹಣ್ಣು ಹಾಕುತ್ತಾರೆ. ನಾನು ಐದು ಕೆಂಪು ಹಣ್ಣು ಹಾಕಿದೆ. ಸಾಲಹಳ್ಳಿಯವರು ನೋಡಲಿ ಅಂತಲೇ ಹಾಕಿದೆ.

ಉಡಿಯ ಹಣ್ಣನ್ನು ತುಂಬಿಸಿಕೊಂಡವಳೇ ತಿನ್ನಬೇಕು, ಇಲ್ಲವೆ ತನ್ನ ಮಕ್ಕಳಿಗೆ ಕೊಡಬೇಕು. ಇನ್ನೊಬ್ಬ ಮುತ್ತೈದೆಗೆ ಕೊಡುವ ರೂಢಿಯಿಲ್ಲ. ತಂಗಿಗೆ ಇದು ಗೊತ್ತಿಲ್ಲದ್ದೇನಲ್ಲ. ಆದರೆ ಮನೆಗೆ ಹೋಗಿ ಸೆರಗು ಬಿಚ್ಚಿದಾಗ ಅವಳ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ, ಆ ಬಣ್ಣ ನೋಡಿ ಕಣ್ಣರಳಿಸಿ ನಿಂತಳಂತೆ. ಹೊಸದಾಗಿ ಬಂದ ಹುಡುಗಿ. ತಂಗಿ ಒಂದು ಹಣ್ಣು ಅವಳ ಕೈಗಿಟ್ಟಳು. ಮುಂದಿನ ಬೇಸಿಗೆಯಲ್ಲಿ ಆ ಹುಡುಗಿ ಗಂಡು ಹಡೆದಳು.

ಹೆಸರಿಡುವ ದಿನ ಗೊತ್ತುಮಾಡಿ ತಂಗಿಯ ಅತ್ತೆ ನನಗೆ ಫೋನ್ ಮಾಡಿದಳು.

"ಅಕ್ಕಾರ, ನಿಮ್ಮ ತಂಗಿ ಎಂಥಾ ದಡ್ಡಿ ನೋಡ್ರಿ. ಉಡಿಯಾಗ ಬಂದ ಗಂಡಮಗನ್ನ ಒಯ್ದು ನೆಗೆಣ್ಣಿ ಕೈಯಾಗ ಕೊಟ್ಟಾಳ."

"ಏನ ಕೊಟ್ಟಾಳ್ರಿ ಅತ್ತಿ?"

"ಹಣ್ಣ್ರಿ, ನಿಮ್ಮ ಕೆಂಪ ಬಾಳಿಹಣ್ಣ. ಈಕಿ ಉಡಿಯಾಗಿಂದ ಆಕಿ ತಿಂದ್ಲು. ಈಕಿಗೆ ಹುಟ್ಟೂದು ಆಕಿಗೆ ಹುಟ್ಟಿತು."

"ನನ್ನ ಗಂಡನೂ ಎಂಟ ಹಣ್ಣ ತಿಂದಾರ್ರಿ ಅತ್ತಿ, ಅವರಿಗೇನ ಇನ್ನೂ ಹುಟ್ಟಿಲ್ಲ," ಅಂದೆ ನಾನು.

ಆ ಕಡೆ ನಗು ಬರಲಿಲ್ಲ. "ನೀವ ಸಾಲಿ ಕಲ್ತವರು, ನಗತೀರಿ. ನಿಮ್ಮ ಕೈಲೆ ಮತ್ತೊಮ್ಮೆ ಉಡಿ ತುಂಬ್ರಿ, ಅದ ಗಿಡದ ಹಣ್ಣಿಲೆ. ಕೊಟ್ಟದ್ದು ತಿರುಗಿ ಬರತೈತಿ."

ಬಾಳೆ ಒಂದೇ ಸಲ ಗೊನೆ ಬಿಡುತ್ತದೆ, ಆ ಗಿಡ ಕಡಿದು ವರ್ಷವಾಗುತ್ತ ಬಂತು ಅಂದೆ. ಅದಕ್ಕೆ ಅವಳು, "ಅದ ಗಿಡ ಅಂದ್ರ ಅದರ ಬುಡದಾಗಿನ ಮರಿ. ನಾವೂ ಒಕ್ಕಲತನದವರ ಅದೇವಿ, ನಮಗ ಕಲಸಬ್ಯಾಡ್ರಿ," ಅಂದಳು.

ಬುಡದಲ್ಲಿ ದೊಡ್ಡ ಮರಿಯೊಂದು ಇತ್ತು. ಮಳೆ ಶುರುವಾದ ವಾರ ಅದು ತಾನೇ ವಾಲಿತು. ಕೈ ಹಾಕಿ ಎಳೆದರೆ ಬೇರಿಲ್ಲದೆ ಕೈಗೇ ಬಂತು. ಗಡ್ಡೆಯನ್ನು ಕುಡಗೋಲಿನಿಂದ ಸೀಳಿದೆ. ಒಳಗೆ ಕಂದು ಲೋಳೆ, ಸೊಟ್ಟ ಸೊಟ್ಟ ಬಿಲ, ಬಿಲಕ್ಕೊಂದು ಅಕ್ಕಿಕಾಳಿನಂಥ ದಪ್ಪ ಬಿಳಿ ಹುಳ, ಕಾಲಿಲ್ಲದ್ದು, ತಲೆ ಮಾತ್ರ ಕೆಂಪಗೆ. ಹುಳಿತ ಗೊಜ್ಜಿನಂಥ ನಾತ ಮೂರು ದಿನ ಕೈಗೆ ಹತ್ತಿಕೊಂಡಿತ್ತು, ಊಟ ಚಮಚೆಯಲ್ಲಿ ಮಾಡಿದೆ. ಆದರೂ ಅವತ್ತು ನನಗೆ ಒಳಗೊಳಗೆ ಸಂತೋಷವಾಗಿತ್ತು, ಪೀಡೆ ತೊಲಗಿತು ಅಂತ. ಹತ್ತಿರ ಬಗ್ಗಿ ನೋಡಿದರೆ ಆ ಕಡೆ ಮಗ್ಗುಲಲ್ಲಿ ಮೊಳಕಾಲೆತ್ತರದ ಇನ್ನೊಂದು ಮರಿ, ಕತ್ತಿಯಂಥ ಎಲೆ, ಗಟ್ಟಿಯಾಗಿ ನಿಂತಿತ್ತು.

ಅದನ್ನೂ ಕಿತ್ತುಬಿಡುತ್ತೇನೆ ಅಂತ ತಂಗಿಗೆ ಫೋನ್ ಮಾಡಿದೆ. ಅವಳು ಹೇಳಿದಳು: "ಕೀಳಬ್ಯಾಡಕ್ಕಾ. ಕಿತ್ತರ ಮಂದಿ ಹೊಟ್ಟಿಕಿಚ್ಚಿಗೆ ಕಿತ್ತಳು ಅಂತಾರ. ಮತ್ತೊಂದು ಏನರೆ ಹುಡುಕತಾರ, ಬೇರು, ಭಸ್ಮ. ಇದು ಹಣ್ಣ ಬಿಡಾಕ ಎಷ್ಟ ದಿನಾ?"

"ಕೆಂಪ ಬಾಳಿ ತಡಾ. ವರ್ಷೊಪ್ಪತ್ತ ಮ್ಯಾಲ ಆರ ತಿಂಗಳ ಹಿಡಿ."

"ಹಣ್ಣ ತಿನ್ನೂತನಕ ಬಸರ ಆಗಬಾರದು, ಆದರ ಮತ್ತ ಹೆಣ್ಣ ಆಗತೈತಿ ಅಂತ ಅತ್ತಿನ ಹೇಳ್ಯಾಳ. ಅಷ್ಟ ತಿಂಗಳಾ ನನ್ನ ಯಾರೂ ಕಾಡೂದಿಲ್ಲ. ಬೆಳೀಲಿ ಬಿಡು, ಸಾವಕಾಶ ಬೆಳೀಲಿ."

ಹತ್ತನೇ ಇಯತ್ತೆ ಓದಿದವಳು ಲೆಕ್ಕ ಹಾಕಿದ್ದಳು. ನನಗೆ ಹೊಳೆದಿರಲಿಲ್ಲ.

ಅಲ್ಲಿಂದ ನಾನು ಮಾಡಿದ ಕೆಲಸವನ್ನು ಬಾಳೆ ಬೆಳೆಯುವ ಯಾರ ಮುಂದೂ ಹೇಳಲಾರೆ. ಆ ಗಿಡಕ್ಕೆ ಗೊಬ್ಬರ ನಿಲ್ಲಿಸಿದೆ. ಉಳಿದ ಗಿಡಗಳಿಗೆ ನೀರು ಬಿಡುವಾಗ ಅದರ ಬುಡಕ್ಕೆ ಮಣ್ಣು ಏರಿಸಿ ನೀರು ಹೋಗದಂತೆ ಮಾಡಿದೆ. ಪೂರ್ತಿ ಸಾಯಬಾರದು, ಬೆಳೆಯಲೂಬಾರದು. ಸಾಯುವ ಹಾಗೆ ಕಂಡಾಗ ಎರಡು ಬಿಂದಿಗೆ ನೀರು, ಮತ್ತೆ ಬಂದ್. ಎಲೆಯ ಅಂಚು ಸುಟ್ಟಂತಾಯಿತು, ಹೊಸ ಎಲೆ ಅಂಗೈಯಗಲ ಬರತೊಡಗಿತು. ಬೆಳಿಗ್ಗೆ ಸಾಲೆಗೆ ಹೋಗಿ ಮಕ್ಕಳಿಗೆ ಸಸ್ಯದ ಪೋಷಣೆ ಪಾಠ ಮಾಡುತ್ತಿದ್ದೆ, ಸಂಜೆ ಬಂದು ಒಂದು ಸಸ್ಯವನ್ನು ಉಪವಾಸ ಕೆಡವುತ್ತಿದ್ದೆ.

ಅತ್ತೆ ಪ್ರತಿ ಹದಿನೈದು ದಿನಕ್ಕೆ ಫೋನ್ ಮಾಡುವಳು. "ಎಷ್ಟ ಎತ್ತರ ಆಗೇತ್ರಿ?" ಸೊಸೆಯ ಮೈ ಹೇಗಿದೆ ಅಂತ ಅವಳು ಎಂದೂ ಅಷ್ಟು ವಿಚಾರಿಸಿದ್ದು ನನಗೆ ಗೊತ್ತಿಲ್ಲ. ಚಳಿಗಾಲದ ಹುಣ್ಣಿಮೆಗೆ ಸವದತ್ತಿಯ ದೇವಿಯ ಗುಡ್ಡಕ್ಕೆ ಹೋದವಳು ಅಲ್ಲಿಂದ ಸೀದಾ ನಮ್ಮ ಮನೆಗೆ ಬಂದಳು. ಹಿತ್ತಲಿಗೆ ಹೋಗಿ ಗಿಡ ನೋಡಿ ಹೌಹಾರಿದಳು.

"ಇದೇನ ಅಕ್ಕಾರ, ಬಾಣಂತಿಗೆ ಅನ್ನ ಹಾಕದವರಂಗ ಇಟ್ಟೀರಿ ಗಿಡಾನ? ಬಾಜೂದಾಗಿನವು ನೋಡಿದರ ಆನಿಮರಿ ಆಗ್ಯಾವ."

"ಮಣ್ಣ ಸರಿ ಇಲ್ಲರಿ ಅಲ್ಲಿ."

"ಮಣ್ಣ ಸರಿ ಐತಿ. ಕೈ ಸರಿ ಇಲ್ಲ," ಅಂದವಳೇ ಸೆರಗು ಸಿಕ್ಕಿಸಿ, ಪಕ್ಕದ ಎಮ್ಮೆಯವರ ತಿಪ್ಪೆಯಿಂದ ಎರಡು ಬುಟ್ಟಿ ಗೊಬ್ಬರ ತಾನೇ ಹೊತ್ತು ತಂದಳು. ಬುಡ ಬಿಡಿಸಿ ಗೊಬ್ಬರ ಹಾಕಿ, ಬಚ್ಚಲದಿಂದ ಕಾಲುವೆ ತೆಗೆದು ನೀರು ತಿರುಗಿಸಿದಳು. ನನಗಿಂತ ಛಲೋ ಮಾಡಿದಳು. ಆಮೇಲೆ ಗುಡ್ಡದ ಭಂಡಾರ ತೆಗೆದು ಗಿಡದ ಕಾಂಡಕ್ಕೆ ಬಳಿದು, ಹಸಿರು ಬಳೆಯೆರಡನ್ನು ದಾರದಲ್ಲಿ ಕಟ್ಟಿ, ಕೈಮುಗಿದು ನಿಂತಳು. ಅದರ ಬುಡಕ್ಕೆ ಮುಸುರೆ ನೀರು ಹರಿಯುತ್ತಿತ್ತು, ಅದರ ಮೇಲೆ ಅರಿಷಿಣ ಇಳಿಯುತ್ತಿತ್ತು.

ಬಳೆ ಕಟ್ಟಿದ್ದನ್ನು ಓಣಿಯವರು ಗೋಡೆಯ ಆಚೆಯಿಂದ ನೋಡಿದ್ದರು. ಒಬ್ಬೊಬ್ಬರೇ ಬಂದರು. ಸೊಸೆಗೋ ಮಗಳಿಗೋ, ಎಲ್ಲರಿಗೂ ಒಂದೊಂದು ಹಣ್ಣು ಬೇಕು. ಅವರಿಗೆಲ್ಲ ನಾನು ಬೈದು ಕಳಿಸಿದೆ. ಆದರೆ ಕಿತ್ತೂರಿನಿಂದ ದಿನಾ ಓಡಾಡುವ ನಮ್ಮ ಸಾಲೆಯ ಹಿರಿಯ ಶಿಕ್ಷಕಿಯೊಬ್ಬರು ಪ್ರಯೋಗಶಾಲೆಯಲ್ಲಿ ನಾನೊಬ್ಬಳೇ ಇರುವುದನ್ನು ನೋಡಿ ಒಳಗೆ ಬಂದರು. ಇಪ್ಪತ್ತು ವರ್ಷದಿಂದ ಜೀವಶಾಸ್ತ್ರ ಕಲಿಸುವವರು. ಮಗುವಿನ ಲಿಂಗ ಹೇಗೆ ನಿರ್ಧಾರವಾಗುತ್ತದೆ ಅನ್ನುವ ಪಾಠವನ್ನು ಬೋರ್ಡಿನ ಮೇಲೆ ಅವರಷ್ಟು ಚಂದ ಬರೆಯುವವರು ತಾಲೂಕಿನಲ್ಲಿಲ್ಲ.

"ನಾವೇನ ಇದನ್ನೆಲ್ಲ ನಂಬೂದಿಲ್ಲ, ನಿಮಗ ಗೊತ್ತೈತಿ. ಆದರೂ ಸೊಸಿಗೆ ಒಂದ ಹಣ್ಣ ಇಟ್ಟಿರ್ರಿ. ತಿಂದರ ಏನ ಲುಕ್ಸಾನ?"

ನಾನು ಅವರ ಕೈಯಲ್ಲಿದ್ದ ಸೀಮೆಸುಣ್ಣವನ್ನು ನೋಡುತ್ತ ನಿಂತೆ. ಓಣಿಯವರಿಗೆ ಬೈದ ನನಗೆ ಅವರಿಗೆ ಬೈಯಲು ಬಾಯಿ ಬರಲಿಲ್ಲ. "ನೋಡೂಣ್ರಿ," ಅಂದೆ. ಅವತ್ತು ಡಬ್ಬಿಯ ರೊಟ್ಟಿ ಹಾಗೆಯೇ ತಿರುಗಿ ಮನೆಗೆ ಬಂತು. ನಮ್ಮ ಅವ್ವನೂ ಅದನ್ನೇ ಅಂದಿದ್ದಳು ಅನ್ನುವುದನ್ನು ಬರೆಯಬೇಕು: "ಕೊಟ್ಟರ ನಿನ್ನ ಗಂಟೇನ ಹೋಗತೈತಿ? ಅವರ ಮನಸಿಗೆ ಸಮಾಧಾನ." ಅವ್ವ ಓದಿದವಳಲ್ಲ, ಅವಳಿಗೆ ನಾನು ಸಿಟ್ಟು ಮಾಡಿದೆ.

ಅತ್ತೆ ಹಾಕಿದ ಗೊಬ್ಬರಕ್ಕೆ ಗಿಡ ಎದ್ದಿತು. ಕಾಲುವೆ ಮುಚ್ಚಿದೆ, ಆದರೂ ಅದು ನಿಲ್ಲಲಿಲ್ಲ. ಮುಂದಿನ ಪಂಚಮಿಯ ಹೊತ್ತಿಗೆ ನನ್ನ ತಲೆಗಿಂತ ಎತ್ತರ ಹೋಗಿತ್ತು.

ಆ ಪಂಚಮಿಗೆ ತಂಗಿ ಗಂಡನ ಜೊತೆ ನಮ್ಮ ಮನೆಗೇ ಮೊದಲು ಬಂದಳು. ಅಷ್ಟು ತಿಂಗಳಲ್ಲಿ ಅವಳು ಅವನನ್ನು ಆಪರೇಷನ್ನಿಗೆ ಹೇಗೆ ಒಪ್ಪಿಸಿದಳೋ ನನಗೆ ಹೇಳಿಲ್ಲ. ಮರುದಿನ ಮೂವರೂ ದವಾಖಾನೆಗೆ ಹೋದೆವು. ಅವನು ಕಾಗದದ ಮೇಲೆ ಸಹಿ ಹಾಕಿದ. ಹಾಕಿ ಪೆನ್ನು ನನ್ನ ಕೈಗೆ ಕೊಡುವಾಗ ಅಂದ: "ಅಕ್ಕಾರ, ಅವ್ವಗ ಮಾತ್ರ ಗೊತ್ತಾಗೂದ ಬ್ಯಾಡ್ರಿ. ಎದಿ ಒಡ್ಕೋತೈತಿ."

"ಯಾರ ಎದಿ? ಅವ್ವಂದೋ ನಿಮ್ಮದೋ?" ತಂಗಿ ಕೇಳಿದಳು. ಅವನು ಬಾಗಿಲ ಕಡೆ ನೋಡಿದ.

ಆಪರೇಷನ್ ಆಯಿತು. ಎಂಟು ದಿನ ನಮ್ಮ ಮನೆಯಲ್ಲಿ ಮಲಗಿದಳು. ಸಾಲಹಳ್ಳಿಗೆ ಜ್ವರ ಅಂತ ಹೇಳಿದೆವು. ಆಕೆಯ ಜೀವದ ಭಯ ತೀರಿತು. ಉಳಿದದ್ದು ಸುಳ್ಳು. ಇನ್ನೊಂದು ಮಗು ಆಗದಿದ್ದರೆ ಅದೂ ಇವಳ ತಲೆಗೇ ಬರುತ್ತದೆ, ವರ್ಷಗಟ್ಟಲೆ ಒಂದಲ್ಲ ಒಂದು ತಿನ್ನಿಸುತ್ತಾರೆ, ಗುಡಿ ಗುಡಿ ತಿರುಗಿಸುತ್ತಾರೆ. ಇದು ನನಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಅವನಿಗೆ ಅದು ನಡೆಯುತ್ತಿತ್ತು. ಕೆಟ್ಟ ಮನುಷ್ಯನಲ್ಲ ಅಂತ ಎಲ್ಲರೂ ಅನ್ನುತ್ತಾರೆ. ಇಂಥ ಕೆಟ್ಟವರಲ್ಲದವರನ್ನು ನೋಡಿದರೆ ನನಗೆ ಆ ಗಡ್ಡೆಯೊಳಗಿನ ಲೋಳೆ ಮುಟ್ಟಿದಂತಾಗುತ್ತದೆ.

ಬೇಸಿಗೆ ಬರುವ ಹೊತ್ತಿಗೆ ಗೊನೆ ಹಣ್ಣಾಯಿತು. ನಾನು ಉಪವಾಸ ಕೆಡವಿದ್ದರ ಗುರುತಾಗಿ ನಾಲ್ಕೇ ಚಿಪ್ಪು, ಬಡಕಲು ಹಣ್ಣು. ಅತ್ತೆ ಸೋಮವಾರ ಹಿಡಿದು ಬಂದಳು, ಜೊತೆಗೆ ಮಗ, ತಂಗಿ. ಮಕ್ಕಳನ್ನು ಸಾಲೆಗೆ ಕಳಿಸಿ ಬಂದಿದ್ದರು, ನಾನು ರಜೆ ಹಾಕಿದ್ದೆ. ಜಮಖಾನೆ ಹಾಸಿ ತಂಗಿಯನ್ನು ಕೂಡಿಸಿದೆವು. ಅತ್ತೆಯೇ ತಂದ ಹೊಸ ಖಣ, ಅಕ್ಕಿ, ಎಲ್ಲ ಹಾಕಿದೆ. ಐದು ಕೆಂಪು ಹಣ್ಣು ಹಾಕಿದೆ. ತಂಗಿ ತಲೆ ತಗ್ಗಿಸಿ ಸೆರಗು ಹಿಡಿದು ಕೂತಿದ್ದಳು.

"ಹಂಗಲ್ಲ ಅಕ್ಕಾರ," ಅಂದಳು ಅತ್ತೆ. "ಬಾಯಿಲೆ ಅನ್ರಿ. ಗಂಡಮಗಾ ಹುಟ್ಟಲಿ ಅಂತ ಮೂರ ಸಲ ಅನ್ರಿ. ಹೋದ ಸಲ ಬಾಯಿಲೆ ಅಂದಿದ್ದಿಲ್ಲ, ಅದಕ್ಕ ದಾರಿ ತಪ್ಪಿ ಹೋತು."

ನಾನು ಅವನ ಕಡೆ ನೋಡಿದೆ. ಅವನು ಬಶಿಗೆ ಸುರಿದ ಚಹಾ ಊದುತ್ತಿದ್ದ, ಅದು ಯಾವಾಗಲೋ ಆರಿತ್ತು. ಈಗ ಹೇಳಬೇಕು ಅಂತ ನನಗೆ ಅನ್ನಿಸಿತು. ವಿಜ್ಞಾನ ಶಿಕ್ಷಕಿ, ಫಲಕದ ಮೇಲೆ ದೊಡ್ಡ ಅಕ್ಷರ. ಬಾಯಿ ತೆರೆದೆ.

"ಗಂಡಮಗಾ ಹುಟ್ಟಲಿ," ಅಂದೆ.

ಎರಡನೇ ಸಲವೂ ಅಂದೆ. ಮೊದಲನೆಯದಕ್ಕಿಂತ ಸರಾಗವಾಗಿ ಬಂತು.

"ಸಾಕ ಬಿಡಕ್ಕಾ," ಅಂದಳು ತಂಗಿ. ತಲೆ ಎತ್ತಿ ಅತ್ತೆಯ ಕಡೆ ತಿರುಗಿದಳು. "ಹುಟ್ಟೂದಿಲ್ಲರಿ ಅತ್ತಿ. ನನ್ನ ಆಪರೇಷನ್ ಆಗೇತಿ. ಪಂಚಮಿಗೆ ಬಂದಾಗ ಆತು. ಜ್ವರಾ ಬಂದಿದ್ದಿಲ್ಲ."

ಅತ್ತೆ ನನ್ನನ್ನು ನೋಡಿದಳು. "ನೀವ ಮಾಡ್ಸೀರೇನ?"

"ಅಕ್ಕ ಜೋಡಿ ಬಂದಿದ್ಲು ಅಷ್ಟ. ಸಹಿ ನಿಮ್ಮ ಮಗಾರು ಮಾಡ್ಯಾರ. ಕೇಳ್ರಿ, ಇಲ್ಲೇ ಅದಾರ." ತಂಗಿಯ ದನಿಯಲ್ಲಿ ಸಿಟ್ಟಿರಲಿಲ್ಲ. ಪೇಟೆಯಿಂದ ಏನೇನು ತಂದೆ ಅಂತ ಹೇಳುವವರ ದನಿ.

ಮಗ ಬಶಿ ಕೆಳಗಿಟ್ಟ. ಅತ್ತೆ ಬಹಳ ಹೊತ್ತು ಅವನನ್ನೇ ನೋಡಿದಳು. ಅಳುತ್ತಾಳೆ, ಎದೆ ಬಡಿದುಕೊಳ್ಳುತ್ತಾಳೆ ಅಂದುಕೊಂಡಿದ್ದೆ. ಅವಳು ಎದ್ದು ಸೀರೆ ಕೊಡವಿ, ಮೂಲೆಯಲ್ಲಿದ್ದ ಗೊನೆಯ ಕಡೆ ಕೈ ಮಾಡಿದಳು.

"ಉಳದದ್ದ ಕಟ್ಟಿಕೊಡ್ರಿ. ಸಣ್ಣ ಸೊಸಿಗೆ ಒಯ್ಯತೇನಿ. ಮನಿಗೆ ಒಂದ ಗಂಡಮಗಾ ಸಾಲೂದಿಲ್ಲ."

"ಕೊಡೂದಿಲ್ಲರಿ," ಅಂದೆ.

"ಏನ?"

"ಆಕಿಗೂ ಕೊಡೂದಿಲ್ಲ, ಯಾರಿಗೂ ಕೊಡೂದಿಲ್ಲ."

ಗೊನೆ ಎತ್ತಿಕೊಂಡು ಹಿತ್ತಲ ಬಾಗಿಲಿನಿಂದ ಹೋಗಿ ಪಕ್ಕದವರ ಎಮ್ಮೆಯ ಮುಂದೆ ಹಾಕಿದೆ. ಅದು ಸಿಪ್ಪೆ ಸಮೇತ ತಿಂದಿತು. ಬಾಯಿಯ ಎರಡೂ ಕಡೆಯಿಂದ ಕೇಸರಿ ಜೊಲ್ಲು ಇಳಿಯುತ್ತಿತ್ತು. ಅದನ್ನು ನಿಂತು ನೋಡುವಾಗ, ನನಗೆ ಇಷ್ಟಾದರೂ ಮಾಡಲು ಬಂತಲ್ಲ ಅಂತ ಸಮಾಧಾನವಾಗಲಿಲ್ಲ. ಹೇಳಬೇಕಾದ ಮಾತು ಬೇರೆಯವರು ಹೇಳಿ ಮುಗಿಸಿದ ಮೇಲೆ ಎಮ್ಮೆಗೆ ಹಣ್ಣು ಹಾಕಲು ಡಿಗ್ರಿ ಬೇಕಿರಲಿಲ್ಲ.

ಒಳಗೆ ಬಂದರೆ ತಂಗಿ ಉಡಿಯ ಅಕ್ಕಿಯನ್ನು ಖಣದಲ್ಲಿ ಕಟ್ಟುತ್ತಿದ್ದಳು. ನಾಲ್ಕು ದಿನ ಇಲ್ಲೇ ಇರು ಅಂದೆ. "ಹುಡುಗ್ಯಾರು ಸಾಲಿಂದ ಬರತಾವು. ಯಾರ ಅದಾರ ಮನ್ಯಾಗ?" ಅಂದಳು. ಮೂವರೂ ಒಂದೇ ಬಸ್ಸಿಗೆ ಹೋದರು. ಅತ್ತೆ ಮುಂದಿನ ಸೀಟು, ಮಗ ನಡುವೆ, ಇವಳು ಹಿಂದೆ ಕಿಟಕಿಗೆ.

ಹದಿನೈದು ದಿನದ ಮೇಲೆ ತಂಗಿಯ ಫೋನ್ ಬಂತು. ಅತ್ತೆ ಇವಳ ಕೈಯ ನೀರು ಕುಡಿಯುವುದಿಲ್ಲವಂತೆ, ಮಾತು ಬಿಟ್ಟಿದ್ದಾಳಂತೆ.

"ಭಾಳ ತ್ರಾಸ ಆಗೇತೇನ?" ಅಂದೆ.

"ಮಾತ ಬಿಟ್ಟರ ತ್ರಾಸೇನ? ಮನಿ ಎಷ್ಟ ತಣ್ಣಗ ಆಗೇತಿ ಅಂತಿ. ಹುಡುಗ್ಯಾರು ಕುಂತ ಅಭ್ಯಾಸಾ ಮಾಡತಾವು." ಆಮೇಲೆ ಕೇಳಿದಳು, "ಅಲ್ಲಕ್ಕಾ, ನೀ ಯಾಕ ಅಂದೀ ಆ ಮಾತ? ಒಮ್ಮೆ ಅಲ್ಲ, ಎರಡ ಸಲಾ."

"ಬಾಯಿಗೆ ಬಂದ ಬಿಟ್ಟಿತು."

"ನಾ ತಡೀದಿದ್ರ ಮೂರನೇದ್ದೂ ಅಂತಿದ್ದಿ."

ಹೌದು ಅಂದೆ.